ಮಾರಿದ್ದನ್ನು ವಾಪಸ್ ಕರೆಯುವ ಧೈರ್ಯ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಅವರ ಅನುಚರರ ಮೇಲೆ ಅಲ್ಲಾಹನ ಕೃಪೆ ಹಾಗೂ ಶಾಂತಿ ಇರಲಿ.

ಆದರಣೀಯ ಸಹೋದರರೇ, ಅಲ್ಲಾಹನನ್ನು ಭಯಪಟ್ಟು ಬಾಳಬೇಕೆಂದು ಮೊದಲು ನಮಗೂ ಬಳಿಕ ನಿಮಗೂ ಉಪದೇಶಿಸುತ್ತೇವೆ. ತಕ್ವಾ ಎಂಬುದು ಮಸೀದಿಯ ಸಫ್ಫಿನಲ್ಲಿ ಮಾತ್ರ ಇರಬೇಕಾದ ಗುಣವಲ್ಲ. ಅದು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಅಡುಗೆಮನೆಯಲ್ಲಿ, ಕಾರ್ಖಾನೆಯ ಯಂತ್ರದ ಪಕ್ಕದಲ್ಲಿ ಕೂಡ ಇರಬೇಕು. ಇಂದು ನಾವು ತಿನ್ನುವ ಆಹಾರದ ಬಗ್ಗೆ, ಅದನ್ನು ತಯಾರಿಸುವವರ ಮತ್ತು ಮಾರುವವರ ಹೊಣೆಗಾರಿಕೆಯ ಬಗ್ಗೆ ಮಾತಾಡೋಣ. ಅದಕ್ಕಾಗಿ ದೂರದ ದೇಶದ ಒಂದು ಘಟನೆಯನ್ನು ನಿಮ್ಮ ಮುಂದಿಡುತ್ತೇವೆ.

2019ರ ಮಾರ್ಚ್ 21ರಂದು ಅಮೆರಿಕದ ಟೈಸನ್ ಫುಡ್ಸ್ ಎಂಬ ದೊಡ್ಡ ಮಾಂಸೋದ್ಯಮ ಕಂಪೆನಿ ತನ್ನ ಫ್ರೋಜನ್ ಚಿಕನ್ ಸ್ಟ್ರಿಪ್ಸ್ ಪ್ಯಾಕೆಟ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಯಿತು. ಅರ್ಕನ್ಸಾ ರಾಜ್ಯದ ರೋಜರ್ಸ್ ಎಂಬಲ್ಲಿರುವ ಘಟಕದಲ್ಲಿ ತಯಾರಾದ ಮಾಲು ಅದು. ಕಾರಣವೇನೆಂದರೆ, ಅದರಲ್ಲಿ ಲೋಹದ ಚೂರುಗಳಿರುವ ಸಾಧ್ಯತೆ. ಅಂದು ವಾಪಸ್ ಕರೆದದ್ದು 69,093 ಪೌಂಡ್, ಅಂದರೆ ಸುಮಾರು 31 ಸಾವಿರ ಕಿಲೋ. ವಿಷಯ ಅಷ್ಟಕ್ಕೆ ಮುಗಿಯಲಿಲ್ಲ. ತನಿಖೆ ಮುಂದುವರಿದಂತೆ ಇನ್ನಷ್ಟು ದೂರುಗಳು ಸಿಕ್ಕವು. ಮೇ 4ರಂದು ಅದೇ ರೀಕಾಲ್ ಅನ್ನು 1,18,29,517 ಪೌಂಡ್‌ಗೆ ವಿಸ್ತರಿಸಲಾಯಿತು. ಅದು 53 ಲಕ್ಷ ಕಿಲೋಗಿಂತಲೂ ಹೆಚ್ಚು. 2018ರ ಅಕ್ಟೋಬರ್‌ನಿಂದ 2019ರ ಮಾರ್ಚ್‌ವರೆಗೆ, ಐದು ತಿಂಗಳಿಗೂ ಹೆಚ್ಚು ಕಾಲ ತಯಾರಾದ ಮಾಲು ಅದರೊಳಗೆ ಬಂತು.

ಸಹೋದರರೇ, ಇಷ್ಟು ದೊಡ್ಡ ಗಾತ್ರದ ಈ ಕ್ರಮ ಆರಂಭವಾದದ್ದು ಎಷ್ಟು ಜನರಿಂದ ಗೊತ್ತೇ? ಇಬ್ಬರಿಂದ. ತಾವು ಖರೀದಿಸಿದ ಪ್ಯಾಕೆಟ್‌ನಲ್ಲಿ ಏನೋ ಗಟ್ಟಿ ವಸ್ತು ಇತ್ತೆಂದು ಇಬ್ಬರು ಗ್ರಾಹಕರು ಅಮೆರಿಕದ ಕೃಷಿ ಇಲಾಖೆಯ ಆಹಾರ ಸುರಕ್ಷಾ ವಿಭಾಗಕ್ಕೆ ದೂರು ಕೊಟ್ಟರು. ಮೇ ತಿಂಗಳ ಹೊತ್ತಿಗೆ ಅಂಥ ದೂರುಗಳ ಸಂಖ್ಯೆ ಆರಕ್ಕೇರಿತು. ಅವರಲ್ಲಿ ಮೂವರು ತಮ್ಮ ಬಾಯಿಗೆ ಗಾಯವಾಗಿದೆಯೆಂದು ಹೇಳಿದ್ದರು. ಆರು ಜನರ ಮಾತಿನ ಮೇಲೆ 53 ಲಕ್ಷ ಕಿಲೋ ಮಾಲು ಮಾರಾಟಕ್ಕೆ ಅನರ್ಹವಾಯಿತು. ಖರೀದಿಸಿದವರು ಅದನ್ನು ತಿನ್ನಬಾರದು, ಎಸೆಯಬೇಕು ಅಥವಾ ಅಂಗಡಿಗೆ ಮರಳಿಸಬೇಕು ಎಂಬ ಸೂಚನೆ ಹೊರಟಿತು.

ಇಂಥದ್ದು ಅಲ್ಲಿಗೆ ನಿಂತಿಲ್ಲ. 2023ರ ನವೆಂಬರ್‌ನಲ್ಲಿ ಅದೇ ಕಂಪೆನಿ ಮಕ್ಕಳು ಇಷ್ಟಪಡುವ ಡೈನೋಸಾರ್ ಆಕಾರದ ಚಿಕನ್ ನಗ್ಗೆಟ್ಸ್‌ಗಳನ್ನು ಲೋಹದ ಚೂರಿನ ಕಾರಣಕ್ಕೆ ವಾಪಸ್ ಕರೆಯಿತು. ಅದು 29,819 ಪೌಂಡ್, ಅಂದರೆ ಸುಮಾರು 13,500 ಕಿಲೋ. 2021ರ ಜನವರಿಯಲ್ಲಿ ನೆಸ್ಲೆ ಕಂಪೆನಿಯ ಒಂದು ಬಗೆಯ ಫ್ರೋಜನ್ ಸ್ಯಾಂಡ್‌ವಿಚ್‌ನಲ್ಲಿ ಗಾಜು ಹಾಗೂ ಗಟ್ಟಿ ಪ್ಲಾಸ್ಟಿಕ್ ಇರಬಹುದೆಂದು 7,62,615 ಪೌಂಡ್ ವಾಪಸ್ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಕಡ್ಡಿಗೆ ಚುಚ್ಚಿ ಹಿಟ್ಟಿನಲ್ಲಿ ಅದ್ದಿ ಕರಿಯುವ ತಿಂಡಿಯೊಂದರ ಹಿಟ್ಟಿನೊಳಗೆ ಮರದ ಚೂರು ಸೇರಿರುವುದು ಕಂಡುಬಂತು. ಐದು ಜನರಿಗೆ ಗಾಯವಾದ ವರದಿಗಳಿದ್ದವು. ಸುಮಾರು 5.8 ಕೋಟಿ ಪೌಂಡ್ ಮಾಲನ್ನು ಹಿಂದಕ್ಕೆ ಕರೆಯಬೇಕಾಯಿತು.

ಇವುಗಳಿಂದ ನಾವು ಕಲಿಯಬೇಕಾದುದೇನು? ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಯೋಚಿಸಬಹುದು. "ಅಲ್ಲಿಯ ಕಂಪೆನಿಗಳು ಎಷ್ಟು ಕೆಟ್ಟವು" ಎಂದು ಕೆಲವರು ಹೇಳಬಹುದು. "ಅಲ್ಲಿಯ ವ್ಯವಸ್ಥೆ ಎಷ್ಟು ಒಳ್ಳೆಯದು" ಎಂದು ಇನ್ನು ಕೆಲವರು ಹೇಳಬಹುದು. ನಾವು ಇದನ್ನು ಪ್ರವಾದಿವರ್ಯರ(ಸ) ಬದುಕಿನ ಒಂದು ಘಟನೆಯ ಬೆಳಕಿನಲ್ಲಿ ನೋಡೋಣ.

ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರವಾದಿ(ಸ)

ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಈ ಘಟನೆಯನ್ನು ನೀವೆಲ್ಲ ಕೇಳಿದ್ದೀರಿ. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ನಡೆದುಹೋಗುತ್ತಿದ್ದಾಗ ಒಂದು ಧಾನ್ಯದ ರಾಶಿ ಕಂಡಿತು. ಮೇಲಿನಿಂದ ನೋಡಲು ಚೆನ್ನಾಗಿತ್ತು. ಅವರು ತಮ್ಮ ಕೈಯನ್ನು ರಾಶಿಯೊಳಗೆ ಇಳಿಸಿದರು. ಬೆರಳಿಗೆ ತೇವ ತಾಗಿತು. ಇದೇನೆಂದು ಮಾಲೀಕನನ್ನು ವಿಚಾರಿಸಿದರು. ಮಳೆ ಬಿದ್ದು ನೆನೆದಿದೆ ಎಂದು ಅವನು ಉತ್ತರಿಸಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೆ ಇಡಬಾರದಿತ್ತೇ ಎಂದು ಪ್ರವಾದಿ(ಸ) ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು.

ಈ ಘಟನೆಯಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ.

ಒಂದನೆಯದಾಗಿ, ಮಳೆ ಬಂದುದು ವ್ಯಾಪಾರಿಯ ತಪ್ಪಲ್ಲ. ಧಾನ್ಯ ನೆನೆದುದಕ್ಕಾಗಿ ಪ್ರವಾದಿ(ಸ) ಅವನನ್ನು ಗದರಿಸಲಿಲ್ಲ. ಒದ್ದೆಯಾದುದನ್ನು ಅಡಿಗೆ ಹಾಕಿ ಒಣಗಿದ್ದನ್ನು ಮೇಲೆ ಹರಡಿದ್ದು ಅವನ ತಪ್ಪು. ಯಂತ್ರದ ಅಲಗು ಮುರಿಯಬಹುದು. ಕನ್ವೇಯರ್‌ನ ಬೋಲ್ಟ್ ಸಡಿಲವಾಗಿ ಬೀಳಬಹುದು. ಮನುಷ್ಯನ ಕೈಯಿಂದ ಗಾಜು ಜಾರಿ ಒಡೆಯಬಹುದು. ಇವು ನಡೆಯುತ್ತವೆ. ಅದು ಗೊತ್ತಾದ ಮೇಲೆ ಅವನು ಏನು ಮಾಡಿದ ಎಂಬಲ್ಲಿಂದ ಅಲ್ಲಾಹನ ಮುಂದಿನ ವಿಚಾರಣೆ ಬಿಗಿಯಾಗುತ್ತದೆ. ಎಚ್ಚರ ವಹಿಸದೆ ನಿರ್ಲಕ್ಷಿಸಿದ್ದರೆ ಅದಕ್ಕೂ ಉತ್ತರಿಸಬೇಕಾಗುತ್ತದೆ.

ಎರಡನೆಯದಾಗಿ, ಪ್ರವಾದಿ(ಸ) ಕಣ್ಣಿಗೆ ಕಂಡುದನ್ನು ಮಾತ್ರ ನೋಡಿ ಮುಂದೆ ಹೋಗಲಿಲ್ಲ. ಕೈ ಒಳಗಿಟ್ಟು ಪರೀಕ್ಷಿಸಿದರು. ಆಹಾರವನ್ನು ಪರೀಕ್ಷಿಸುವುದು ವ್ಯಾಪಾರಿಯ ಮೇಲಿನ ಅನುಮಾನವಲ್ಲ. ಅದು ಜನರ ಹಕ್ಕಿನ ರಕ್ಷಣೆ. ಆದ್ದರಿಂದ ಆಹಾರ ಇಲಾಖೆಯ ಅಧಿಕಾರಿ ನಮ್ಮ ಹೋಟೆಲಿಗೋ ಬೇಕರಿಗೋ ಬಂದರೆ ಮುಖ ಕಿವುಚಬೇಕಾದ ಅಗತ್ಯವಿಲ್ಲ.

ಮೂರನೆಯದಾಗಿ, ಪ್ರವಾದಿ(ಸ) ಸೂಚಿಸಿದ ಪರಿಹಾರ ಬಹಳ ಸರಳವಾದುದು. ಕೊರತೆಯನ್ನು ಮೇಲಕ್ಕೆ ತನ್ನಿ, ಜನರು ನೋಡಲಿ, ನೋಡಿ ನಿರ್ಧರಿಸಲಿ. ಇಂದಿನ ರೀಕಾಲ್ ಪ್ರಕಟಣೆ ಎಂಬುದು ಇದೇ ಪಾಠದ ಮುಂದುವರಿಕೆ. ವ್ಯತ್ಯಾಸವೇನೆಂದರೆ, ಅಂದು ರಾಶಿ ವ್ಯಾಪಾರಿಯ ಮುಂದೆಯೇ ಇತ್ತು. ಇಂದು ರಾಶಿ ಸಾವಿರಾರು ಮನೆಗಳ ಫ್ರೀಜರ್ ಸೇರಿರುತ್ತದೆ. ಐದು ತಿಂಗಳ ಹಿಂದೆ ಖರೀದಿಸಿದ ಪ್ಯಾಕೆಟ್ ಇನ್ನೂ ಮಂಜುಗಟ್ಟಿ ಕುಳಿತಿರುತ್ತದೆ. ಆದ್ದರಿಂದ ಕೊರತೆಯನ್ನು ಅಂಗಡಿಯಲ್ಲಿ ತೋರಿಸಿದರೆ ಸಾಲದು, ಮನೆಮನೆಗೆ ಕೂಗಿ ಹೇಳಬೇಕಾಗುತ್ತದೆ.

ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ ಕೊರತೆಗಳನ್ನು ತಿಳಿಸಿದರೆ ಆ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಅಡಗಿಸಿದರೆ ಬರಕತ್ ಅಳಿಸಿಹೋಗುತ್ತದೆ ಎಂಬುದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ಹದೀಸ್‌ನ ಸಾರ. ಲಾಭ ಇರಬಹುದು, ಆದರೆ ಬರಕತ್ ಇರಲಾರದು. ಇವೆರಡರ ನಡುವಿನ ವ್ಯತ್ಯಾಸ ವ್ಯಾಪಾರ ಮಾಡುವ ಪ್ರತಿಯೊಬ್ಬನಿಗೂ ಒಂದಲ್ಲ ಒಂದು ದಿನ ಅರ್ಥವಾಗುತ್ತದೆ.

ಹಲಾಲ್ ಮಾತ್ರವಲ್ಲ, ತಯ್ಯಿಬ್ ಕೂಡ

ಆಹಾರದ ಪ್ಯಾಕೆಟ್ ಕೈಗೆ ಬಂದ ಕೂಡಲೇ ನಾವು ಹುಡುಕುವುದು ಹಲಾಲ್ ಮುದ್ರೆಯನ್ನು. ಅದು ಅಗತ್ಯ. ಆದರೆ ಕುರ್‌ಆನ್ ಅಲ್-ಬಕರಃ ಅಧ್ಯಾಯದ 168ನೇ ಸೂಕ್ತದಲ್ಲಿ ಹಲಾಲ್ ಎಂಬ ಪದದ ಪಕ್ಕದಲ್ಲೇ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ. ಆ ಕರೆ ಸತ್ಯವಿಶ್ವಾಸಿಗಳಿಗೆ ಮಾತ್ರವಲ್ಲ, ಮನುಕುಲಕ್ಕೆ. ತಯ್ಯಿಬ್ ಎಂದರೆ ಶುದ್ಧವಾದುದು, ಒಳ್ಳೆಯದು, ದೇಹಕ್ಕೆ ಹಾನಿ ಮಾಡದಂಥದ್ದು. ಬಿಸ್ಮಿ ಹೇಳಿ ಝಬಹ್ ಮಾಡಿದ ಕೋಳಿಯ ಮಾಂಸದೊಳಗೆ ಕಬ್ಬಿಣದ ಚೂರು ಸೇರಿದರೆ ಅದನ್ನು ತಯ್ಯಿಬ್ ಎನ್ನಲಾಗದು.

ಗುಹಾವಾಸಿಗಳ ಚರಿತ್ರೆಯನ್ನು ನಾವು ಶುಕ್ರವಾರ ಓದುತ್ತೇವೆ. ನಿದ್ದೆಯಿಂದೆದ್ದ ಆ ಯುವಕರು ಒಬ್ಬನನ್ನು ಪೇಟೆಗೆ ಕಳಿಸುತ್ತಾರೆ. ಅವರು ಪ್ರಾಣಭಯದಲ್ಲಿದ್ದವರು, ಹಸಿದವರು. ಆದರೂ ಸಿಕ್ಕಿದ್ದನ್ನು ತಾ ಎನ್ನಲಿಲ್ಲ. ಅತ್ಯಂತ ಶುದ್ಧವಾದ ಆಹಾರ ಯಾವುದೆಂದು ನೋಡಿ ತರಬೇಕೆಂದು ಹೇಳಿ ಕಳಿಸಿದರು. ಅಂಥ ಇಕ್ಕಟ್ಟಿನಲ್ಲಿದ್ದವರಿಗೂ ಆ ಎಚ್ಚರ ಇತ್ತು.

ಯಂತ್ರ ಎಷ್ಟು ಕಾಯುತ್ತದೆ?

ಕಾರ್ಖಾನೆಗಳಲ್ಲಿ ಯಂತ್ರಗಳಿಲ್ಲವೇ, ಅವು ಹಿಡಿಯುವುದಿಲ್ಲವೇ ಎಂದು ನೀವು ಕೇಳಬಹುದು. ಇವೆ. ಹಿಟ್ಟನ್ನು ಜರಡಿ ಹಿಡಿಯುತ್ತಾರೆ. ಕಬ್ಬಿಣದ ಪುಡಿಯನ್ನು ಎಳೆಯಲು ಅಯಸ್ಕಾಂತ ಇಡುತ್ತಾರೆ. ಸಾಲಿನ ಕೊನೆಯಲ್ಲಿ ಲೋಹಶೋಧಕ ಇರುತ್ತದೆ. ಆದರೆ ಮಾಂಸದಲ್ಲಿ ತೇವವೂ ಉಪ್ಪೂ ಇರುವುದರಿಂದ ಅದೇ ಯಂತ್ರಕ್ಕೆ ಲೋಹದಂಥ ಸೂಚನೆ ಕೊಡಬಲ್ಲದು. ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಚೂರನ್ನು ಹಿಡಿಯುವುದು ಸಾಮಾನ್ಯ ಕಬ್ಬಿಣವನ್ನು ಹಿಡಿಯುವುದಕ್ಕಿಂತ ಕಷ್ಟ. ಗಾಜು, ಮರ, ಪ್ಲಾಸ್ಟಿಕ್ ಲೋಹಶೋಧಕಕ್ಕೆ ಸಿಗುವುದೇ ಇಲ್ಲ. ಎಕ್ಸ್‌ರೇ ಯಂತ್ರ ಗಾಜು, ಕಲ್ಲು, ಮೂಳೆಗಳನ್ನು ತೋರಿಸಬಲ್ಲದು. ಆದರೆ ಹಗುರವಾದ ಪ್ಲಾಸ್ಟಿಕ್ ಮತ್ತು ಮರದ ಚೂರು ಅದರ ಕಣ್ಣನ್ನೂ ತಪ್ಪಿಸಬಹುದು. 2019ರ ಘಟನೆಯ ಬಳಿಕ ಟೈಸನ್ ಕಂಪೆನಿ, ಲೋಹದ ಚೂರಿಗೆ ಕಾರಣವೆಂದು ನಂಬಲಾದ ಉಪಕರಣದ ಬಳಕೆಯನ್ನು ನಿಲ್ಲಿಸಿರುವುದಾಗಿಯೂ ಹಳೆಯ ಲೋಹಶೋಧಕದ ಬದಲು ಎಕ್ಸ್‌ರೇ ಯಂತ್ರ ಅಳವಡಿಸುವುದಾಗಿಯೂ ಪ್ರಕಟಿಸಿತು.

ಎಷ್ಟು ದೊಡ್ಡ ಚೂರು ಅಪಾಯಕಾರಿ ಎಂಬುದಕ್ಕೂ ಲೆಕ್ಕವಿದೆ. ನೇರವಾಗಿ ತಿನ್ನುವ ಆಹಾರದಲ್ಲಿ 7ರಿಂದ 25 ಮಿಲಿಮೀಟರ್ ಉದ್ದದ ಗಟ್ಟಿ ಅಥವಾ ಚೂಪಾದ ವಸ್ತು ಇದ್ದರೆ ಅದನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಪಾಯವೆಂದು ಪರಿಗಣಿಸುತ್ತದೆ. ಅದಕ್ಕಿಂತ ಚಿಕ್ಕ ಚೂರು ಕೂಡ ಹಸುಳೆಗಳಿಗೆ, ವೃದ್ಧರಿಗೆ, ಶಸ್ತ್ರಚಿಕಿತ್ಸೆ ಆದವರಿಗೆ ಅಪಾಯ ತರಬಹುದು. ಏಳು ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ಉದ್ದ. ಇಷ್ಟು ಚಿಕ್ಕ ವಸ್ತುವನ್ನು ಕಾಯಲು ಯಂತ್ರ ಬೇಕು, ಆದರೆ ಯಂತ್ರವೊಂದೇ ಸಾಲದು. ಪಾಳಿ ಮುಗಿಯುವಾಗ ಅಲಗುಗಳನ್ನು ಎಣಿಸಿ ನೋಡುವ ಮನುಷ್ಯ ಬೇಕು. ಒಂದು ಅಲಗಿನ ತುದಿ ಇಲ್ಲ ಎಂದು ಕಂಡಾಗ, ಮೇಲಿನವರು ಬೈದರೂ ಚಿಂತೆಯಿಲ್ಲ, ಸಾಲನ್ನು ನಿಲ್ಲಿಸುತ್ತೇನೆ ಎನ್ನುವ ಮನುಷ್ಯ ಬೇಕು. ಯಾರೂ ನೋಡದಿದ್ದರೂ ಅಲ್ಲಾಹನು ನೋಡುತ್ತಿದ್ದಾನೆ ಎಂಬ ಪ್ರಜ್ಞೆಯನ್ನೇ ಇಸ್ಲಾಮ್ ಇಹ್ಸಾನ್ ಎನ್ನುತ್ತದೆ. ಗಲ್ಫ್‌ನಲ್ಲಿಯೂ ಊರಿನಲ್ಲಿಯೂ ಆಹಾರ ಕಾರ್ಖಾನೆಗಳಲ್ಲಿ, ಕೋಲ್ಡ್ ಸ್ಟೋರೇಜ್‌ಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವ ನಮ್ಮ ಯುವಕರು ಇದನ್ನು ಮರೆಯಬಾರದು. ನೀವು ಮಾಡುವುದು ಸಂಬಳದ ಕೆಲಸ ಮಾತ್ರವಲ್ಲ, ಅದು ಅಮಾನತ್.

ನಮ್ಮ ಪೂರ್ವಿಕರು ಈ ಎಚ್ಚರವನ್ನು ಬರವಣಿಗೆಯಲ್ಲೇ ಉಳಿಸಿಹೋಗಿದ್ದಾರೆ. ಇಸ್ಲಾಮೀ ನಗರಗಳಲ್ಲಿ ಮಾರುಕಟ್ಟೆಯ ಮೇಲ್ವಿಚಾರಣೆಗೆ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದನು. ಅವನಿಗಾಗಿ 12ನೇ ಶತಮಾನದಲ್ಲಿ ಅಶ್ಶೈಝರಿ, ಬಳಿಕ 1329ರಲ್ಲಿ ನಿಧನರಾದ ಇಬ್ನುಲ್ ಉಖುವ್ವ ಮುಂತಾದವರು ಕೈಪಿಡಿಗಳನ್ನು ಬರೆದರು. ರೊಟ್ಟಿಯ ಹಿಟ್ಟು ನಾದುವವನ ಬಗ್ಗೆ ಅವರು ಏನು ಹೇಳುತ್ತಾರೆ ನೋಡಿ. ಅವನು ಕಾಲಿನಿಂದಾಗಲಿ ಮೊಣಕೈಯಿಂದಾಗಲಿ ಹಿಟ್ಟು ನಾದಬಾರದು. ಮೈಗೆ ಬಿಗಿಯಾದ ಉಡುಪು ಧರಿಸಬೇಕು. ಮಾತಾಡುವಾಗ, ಸೀನುವಾಗ ಎಂಜಲು ಬೀಳದಂತೆ ಬಾಯಿಗೆ ಬಟ್ಟೆ ಕಟ್ಟಬೇಕು. ಬೆವರು ಹಿಟ್ಟಿಗೆ ಬೀಳದಂತೆ ಹಣೆಗೆ ಪಟ್ಟಿ ಕಟ್ಟಬೇಕು. ಕೂದಲು ಉದುರದಂತೆ ತೋಳಿನ ರೋಮ ತೆಗೆದಿರಬೇಕು. ಹಗಲಿನಲ್ಲಿ ನಾದುವಾಗ ನೊಣ ಓಡಿಸಲು ಪಕ್ಕದಲ್ಲಿ ಇನ್ನೊಬ್ಬ ನಿಂತಿರಬೇಕು. ಎಕ್ಸ್‌ರೇ ಇಲ್ಲದ, ಲೋಹಶೋಧಕ ಇಲ್ಲದ ಕಾಲದ ಮಾತಿದು. ಇಂದು ಕಾರ್ಖಾನೆಗಳಲ್ಲಿ ತಲೆಗೆ ಬಲೆ, ಬಾಯಿಗೆ ಮಾಸ್ಕ್, ಕೈಗೆ ಗವಸು ಹಾಕುವ ನಿಯಮಗಳನ್ನು ಹೊಸದೆಂದೂ ಕಿರಿಕಿರಿಯೆಂದೂ ಭಾವಿಸುವವರು ಇದನ್ನು ನೆನಪಿಡಬೇಕು.

ಕಾನೂನು ಹೇಳುವುದೇನು?

ಅಮೆರಿಕದಲ್ಲಿ ಕಲಬೆರಕೆಯಾದ ಮಾಂಸದ ಮಾಲು ಮಾರುಕಟ್ಟೆಗೆ ಹೋಗಿದೆಯೆಂದು ತಿಳಿದ 24 ಗಂಟೆಯೊಳಗೆ ಘಟಕವು ಸರಕಾರಿ ಇಲಾಖೆಗೆ ತಿಳಿಸಬೇಕೆಂಬ ನಿಯಮವಿದೆ. ನಮ್ಮ ದೇಶದಲ್ಲೂ ಕಾನೂನು ಇಲ್ಲದೆ ಇಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ, ತನ್ನ ಮಾಲು ಕಾನೂನಿಗೆ ಅನುಗುಣವಾಗಿಲ್ಲ ಎಂದು ಕಂಡರೆ ಅದನ್ನು ಮಾರುಕಟ್ಟೆಯಿಂದ ಮತ್ತು ಗ್ರಾಹಕರಿಂದ ಹಿಂದಕ್ಕೆ ಪಡೆಯುವ ಕ್ರಮವನ್ನು ಉತ್ಪಾದಕ ಕೂಡಲೇ ಆರಂಭಿಸಬೇಕು, ಅಧಿಕಾರಿಗಳಿಗೂ ತಿಳಿಸಬೇಕು. ಅದರ ವಿಧಾನವನ್ನು ವಿವರಿಸುವ ನಿಯಮಾವಳಿ 2017ರಲ್ಲಿ ಬಂತು. ಆಹಾರದಲ್ಲಿ ಹೊರವಸ್ತು ಸೇರಿದ್ದರೆ 54ನೇ ಸೆಕ್ಷನ್ ಪ್ರಕಾರ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

2024ರ ಜೂನ್‌ನಲ್ಲಿ ಮುಂಬೈಯ ಮಲಾಡ್‌ನಲ್ಲಿ ನಡೆದ ಘಟನೆ ನಿಮಗೆ ನೆನಪಿರಬಹುದು. ಆನ್‌ಲೈನ್‌ನಲ್ಲಿ ತರಿಸಿದ ಐಸ್‌ಕ್ರೀಂ ಕೋನ್‌ನೊಳಗೆ ಮನುಷ್ಯನ ಬೆರಳಿನ ತುಂಡು ಸಿಕ್ಕಿತು. ಆಹಾರ ಸುರಕ್ಷತಾ ಪ್ರಾಧಿಕಾರವು ತಯಾರಕರ ಪರವಾನಿಗೆಯನ್ನು ಅಮಾನತಿನಲ್ಲಿಟ್ಟಿತು. ಪುಣೆ ಜಿಲ್ಲೆಯ ಇಂದಾಪುರದ ಕಾರ್ಖಾನೆಯ ಕಾರ್ಮಿಕನೊಬ್ಬನ ಬೆರಳು ಅದೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. ಆ ಸುದ್ದಿ ಓದಿದವರಲ್ಲಿ ಹೆಚ್ಚಿನವರು ಅಸಹ್ಯಪಟ್ಟರು. ಅದು ಸಹಜ. ಆದರೆ ಆ ಬೆರಳು ಕಳೆದುಕೊಂಡ ಮನುಷ್ಯನ ಬಗ್ಗೆ ಎಷ್ಟು ಮಂದಿ ಯೋಚಿಸಿದರು? ನಮ್ಮ ತಟ್ಟೆಯ ಆಹಾರ ಶುದ್ಧವಾಗಿರಬೇಕಾದರೆ ಅದನ್ನು ತಯಾರಿಸುವವನ ದೇಹ ಸುರಕ್ಷಿತವಾಗಿರಬೇಕು. ಅವನಿಗೆ ಗಾಯವಾದರೆ ಹೇಳಿಕೊಳ್ಳುವ ಸ್ವಾತಂತ್ರ್ಯ ಇರಬೇಕು. ಕೆಲಸ ಹೋಗುತ್ತದೆಂಬ ಭಯದಲ್ಲಿ ಕೈ ಕಟ್ಟಿಕೊಂಡು ಸುಮ್ಮನಿರುವ ಕಾರ್ಮಿಕನಿಂದ ಶುದ್ಧ ಆಹಾರ ನಿರೀಕ್ಷಿಸುವುದು ಹೇಗೆ? ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳಾದ ಉದ್ಯಮಿಗಳು ಈ ಪ್ರಶ್ನೆಯನ್ನು ತಮ್ಮಲ್ಲೇ ಕೇಳಿಕೊಳ್ಳಲಿ.

ಎಸೆದರೆ ಪೋಲಲ್ಲವೇ?

ಇಷ್ಟೆಲ್ಲ ಆಹಾರವನ್ನು ಎಸೆಯುವುದು ಇಸ್ರಾಫ್ ಅಲ್ಲವೇ, ಬಡವರಿಗೆ ಕೊಡಬಾರದೇ ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಿ ಏಳಬಹುದು. ಅಲ್-ಬಕರಃ ಅಧ್ಯಾಯದ 267ನೇ ಸೂಕ್ತವನ್ನು ಗಮನಿಸಿ. ನಮಗೆ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಳ್ಳದೆ ನಾವು ತೆಗೆದುಕೊಳ್ಳಲಾರದಂಥ ಕೆಟ್ಟ ವಸ್ತುವನ್ನು ದಾನಕ್ಕೆ ಆರಿಸಬಾರದೆಂದು ಅಲ್ಲಾಹನು ಅಲ್ಲಿ ತಾಕೀತು ಮಾಡಿದ್ದಾನೆ. ನಮ್ಮ ಮಗುವಿನ ಬಾಯಿಗೆ ಬೇಡವಾದ ಗಾಜಿನ ಚೂರು ಬಡವನ ಮಗುವಿನ ಬಾಯಿಗೆ ಹೇಗೆ ಆದೀತು? ಅನಾಥಾಲಯಕ್ಕೆ, ಇಫ್ತಾರ್ ಕೂಟಕ್ಕೆ, ಮನೆಗೆಲಸದವರಿಗೆ ಎಂದು ಹಾಳಾದುದನ್ನು ದಾಟಿಸುವುದು ಸದಕ ಅಲ್ಲ.

ಪೋಲಾಗುವುದು ನಿಜ. ಕೋಳಿಗಳ ಜೀವ, ರೈತನ ಮೇವು, ನೀರು, ವಿದ್ಯುತ್, ಕಾರ್ಮಿಕರ ದುಡಿಮೆ ಎಲ್ಲವೂ ಕಸವಾಗುತ್ತದೆ. ಅಲ್ಲಾಹನ ಹೆಸರಿನಲ್ಲಿ ತೆಗೆದ ಜೀವವೊಂದು ಯಾರ ಹಸಿವನ್ನೂ ತಣಿಸದೆ ಮಣ್ಣುಪಾಲಾಗುವುದು ಸಣ್ಣ ವಿಷಯವಲ್ಲ. ಆದರೆ ಆ ಪೋಲು ನಡೆದುದು ಎಸೆದ ದಿನವಲ್ಲ. ಸವೆದ ಅಲಗನ್ನು ಇನ್ನೊಂದು ವಾರ ಓಡಲಿ ಎಂದು ಬಿಟ್ಟ ದಿನ, ಮೊದಲ ದೂರನ್ನು ಬದಿಗಿಟ್ಟ ದಿನ ಅದು ನಡೆದುಹೋಗಿರುತ್ತದೆ. 31 ಸಾವಿರ ಕಿಲೋದಿಂದ ಆರಂಭವಾದ ಲೆಕ್ಕ 53 ಲಕ್ಷ ಕಿಲೋಗೆ ಹೋಗಿ ನಿಂತಿತು ಎಂಬುದನ್ನು ನೆನಪಿಡಿ. ಬೇಗ ಹುಡುಕಿದಷ್ಟೂ ಕಳೆದುಕೊಳ್ಳುವುದು ಕಡಿಮೆ.

ಇಮಾಮ್ ಅಬೂ ಹನೀಫಾ(ರ)ರು ಬಟ್ಟೆಯ ವ್ಯಾಪಾರಿಯಾಗಿದ್ದರು. ಅವರ ಪಾಲುದಾರನಿಗೆ ಕಳಿಸಿದ ಮಾಲಿನಲ್ಲಿ ಒಂದು ಬಟ್ಟೆಗೆ ಕೊರತೆ ಇತ್ತು. ಮಾರುವಾಗ ತಿಳಿಸಬೇಕೆಂದು ಅವರು ಹೇಳಿದ್ದರು. ಪಾಲುದಾರ ಮರೆತು ಮಾರಿಬಿಟ್ಟ, ಕೊಂಡವನು ಯಾರೆಂದೂ ಗೊತ್ತಿರಲಿಲ್ಲ. ವಿಷಯ ತಿಳಿದಾಗ ಇಮಾಮರು ಆ ಮಾಲಿನ ಪೂರ್ತಿ ಹಣವನ್ನು ದಾನ ಮಾಡಿಬಿಟ್ಟರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮಾಲನ್ನು ವಾಪಸ್ ಕರೆಯಲು ದಾರಿ ಇಲ್ಲದಾಗ ಅವರು ಲಾಭವನ್ನೇ ಕೈಬಿಟ್ಟರು. ಅದೂ ಒಂದು ಬಟ್ಟೆಗಾಗಿ. ನಮ್ಮ ಮಾತು ಇಲ್ಲಿ ಬಾಯೊಳಗೆ ಹೋಗುವ ಆಹಾರದ ಬಗ್ಗೆ.

ಮನೆಯಲ್ಲೇ ಫ್ರೋಜನ್ ತಿಂಡಿ ಮಾಡುವವರಿಗೆ

ಇದೆಲ್ಲ ದೊಡ್ಡ ಕಂಪೆನಿಗಳ ವಿಷಯ, ನಮಗೇನು ಸಂಬಂಧ ಎಂದು ಭಾವಿಸಬೇಡಿ. ರಮಝಾನ್ ಹತ್ತಿರ ಬಂದಂತೆ ನಮ್ಮ ಎಷ್ಟೋ ಸಹೋದರಿಯರು ಮನೆಯಲ್ಲೇ ಸಮೋಸ, ಕಟ್ಲೆಟ್, ಚಿಕನ್ ರೋಲ್ ತಯಾರಿಸಿ ಫ್ರೀಜರ್‌ನಲ್ಲಿಟ್ಟು ವಾಟ್ಸ್‌ಆ್ಯಪ್ ಮೂಲಕ ಮಾರುತ್ತಾರೆ. ಅದರಿಂದ ಮಕ್ಕಳ ಶಾಲಾ ಶುಲ್ಕ ಕಟ್ಟುವವರಿದ್ದಾರೆ, ಮನೆ ನಡೆಸುವವರಿದ್ದಾರೆ. ಇದು ಗೌರವದ ದುಡಿಮೆ. ಅಲ್ಲಾಹನು ಅವರಿಗೆ ಬರಕತ್ ನೀಡಲಿ. ಅವರಿಗೆ ಕೆಲವು ಮಾತು ಹೇಳಬೇಕಾಗಿದೆ.

ಪಾತ್ರೆ ಉಜ್ಜುವ ಸ್ಟೀಲ್ ತಂತಿಯ ಎಳೆ ಬಾಣಲೆಗೆ ಅಂಟಿಕೊಂಡು ಪಲ್ಯದೊಳಗೆ ಸೇರುವುದುಂಟು. ತಿಂಡಿಯ ಪಾತ್ರೆಗಳಿಗೆ ಅದನ್ನು ಬಳಸದಿರುವುದೇ ಒಳ್ಳೆಯದು. ಪ್ಯಾಕೆಟ್‌ಗೆ ಸ್ಟೇಪ್ಲರ್ ಪಿನ್ ಹೊಡೆಯಬೇಡಿ. ಮಸಾಲೆ ಕಲಸುವ ಮುನ್ನ ಗಾಜಿನ ಬಳೆ, ಉಂಗುರ ತೆಗೆದಿಡಿ, ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟಿ. ಮಿಕ್ಸಿಯ ಬ್ಲೇಡನ್ನು ಮೊದಲೂ ಕೊನೆಯಲ್ಲೂ ನೋಡಿ. ಖೀಮಾದಲ್ಲಿ ಮೂಳೆಯ ಚೂರಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಪ್ರವಾದಿ(ಸ) ಧಾನ್ಯದ ರಾಶಿಯಲ್ಲಿ ಮಾಡಿದ್ದೂ ಅದನ್ನೇ. ಅಡುಗೆಮನೆಯಲ್ಲಿ ಗಾಜಿನ ಲೋಟ ಒಡೆದರೆ, ಪಕ್ಕದಲ್ಲಿ ತೆರೆದಿಟ್ಟಿದ್ದ ಹಿಟ್ಟನ್ನು ನೋಡಿ ಚೆನ್ನಾಗಿದೆ ಎಂದು ಬಳಸಬೇಡಿ. ಸಣ್ಣ ಪ್ರಮಾಣದ ವ್ಯಾಪಾರಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಅದನ್ನು ಮಾಡಿಸಿಕೊಳ್ಳಿ.

ಮುಖ್ಯವಾಗಿ ಒಂದು ನೋಟ್‌ಬುಕ್ ಇಡಿ. ಯಾವ ದಿನ ಏನು ಮಾಡಿದಿರಿ, ಮಾಂಸ ಎಲ್ಲಿಂದ ತಂದಿರಿ, ಯಾರಿಗೆ ಎಷ್ಟು ಪ್ಯಾಕೆಟ್ ಕೊಟ್ಟಿರಿ ಎಂದು ಬರೆಯಿರಿ. ಪ್ಯಾಕೆಟ್ ಮೇಲೆ ತಯಾರಿಸಿದ ತಾರೀಕು ಹಾಕಿ. ಕುರ್‌ಆನಿನ ಅತಿ ಉದ್ದದ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬೇಡಿ ಎಂಬ ತಿಳಿವಳಿಕೆ ಅದರಲ್ಲಿದೆ. ಬರೆದಿಟ್ಟಿದ್ದರೆ ಏನಾದರೂ ಕೊರತೆ ಗೊತ್ತಾದ ದಿನ ಇಪ್ಪತ್ತು ಮನೆಗೆ ಫೋನು ಮಾಡಿ "ಮಂಗಳವಾರದ ಪ್ಯಾಕೆಟ್ ತಿನ್ನಬೇಡಿ, ಹಣ ವಾಪಸ್ ಕೊಡುತ್ತೇನೆ" ಎನ್ನಬಹುದು. ಬರೆದಿಡದಿದ್ದರೆ ಯಾರಿಗೆ ಹೇಳುವುದು? ಆ ದಿನ ಸಾವಿರ ಎರಡು ಸಾವಿರ ರೂಪಾಯಿ ನಷ್ಟವಾಗಬಹುದು. ಆದರೆ ಹಾಗೆ ಫೋನು ಮಾಡಿದವರ ಮೇಲೆ ಜನ ವಿಶ್ವಾಸ ಕಳೆದುಕೊಳ್ಳುವುದಿಲ್ಲ, ಹೆಚ್ಚಿಸಿಕೊಳ್ಳುತ್ತಾರೆ.

ತಿನ್ನುವವರ ಹೊಣೆ

ಇನ್ನು ಕೊಳ್ಳುವವರಾದ ನಮ್ಮ ಪಾಲಿನ ಕರ್ತವ್ಯ. ತಿನ್ನುವಾಗ ಕಲ್ಲೋ ತಂತಿಯೋ ಸಿಕ್ಕರೆ ನಾವು ಸಾಮಾನ್ಯವಾಗಿ ತೆಗೆದು ಬದಿಗಿಟ್ಟು ತಿಂದು ಮುಗಿಸುತ್ತೇವೆ. ಜಗಳ ಯಾಕೆ ಎನ್ನುತ್ತೇವೆ. ಆದರೆ ಅದೇ ದಿನ ತಯಾರಾದ ಇನ್ನೊಂದು ಪ್ಯಾಕೆಟ್ ಒಂದು ಮಗುವಿನ ಮುಂದಿರಬಹುದು. ದಾರಿಯಲ್ಲಿ ಬಿದ್ದಿರುವ ಮುಳ್ಳನ್ನು ಬದಿಗೆ ಸರಿಸುವುದು ಈಮಾನಿನ ಒಂದು ಶಾಖೆ ಎಂದು ನಾವು ಕಲಿತಿದ್ದೇವೆ. ಆಹಾರದಲ್ಲಿ ಸಿಕ್ಕ ಚೂರಿನ ಬಗ್ಗೆ ತಿಳಿಸುವುದೂ ಅದೇ ಜಾತಿಯ ಕೆಲಸ. ನಮ್ಮ ಗಂಟಲಿನಿಂದ ತೆಗೆದರೆ ಸಾಲದು, ಇನ್ನೊಬ್ಬರ ಗಂಟಲಿನ ದಾರಿಯಿಂದಲೂ ತೆಗೆಯಬೇಕು. ಆದ್ದರಿಂದ ಪ್ಯಾಕೆಟ್ ಎಸೆಯಬೇಡಿ. ಸಿಕ್ಕಿದ ವಸ್ತುವನ್ನೂ ಬಿಲ್ಲನ್ನೂ ಇಟ್ಟುಕೊಳ್ಳಿ. ಬ್ಯಾಚ್ ಸಂಖ್ಯೆ, ತಾರೀಕು, 14 ಅಂಕಿಯ ಪರವಾನಿಗೆ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಮೊದಲು ಅಂಗಡಿಯವರಿಗೆ ಮರ್ಯಾದೆಯಿಂದ ತಿಳಿಸಿ. ಬಳಿಕ ಆಹಾರ ಸುರಕ್ಷತಾ ಅಧಿಕಾರಿಗೆ ಅಥವಾ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ.

ಆದರೆ ಒಂದು ಎಚ್ಚರ. ದೂರು ಬೇರೆ, ಅಪಪ್ರಚಾರ ಬೇರೆ. ಎಲ್ಲಿಂದಲೋ ಬಂದ ವಿಡಿಯೊವನ್ನು "ಅಕ್ಕಿಯಲ್ಲಿ ಪ್ಲಾಸ್ಟಿಕ್" "ಕೋಳಿಯಲ್ಲಿ ವಿಷ" ಎಂದು ಗ್ರೂಪಿನಿಂದ ಗ್ರೂಪಿಗೆ ಕಳಿಸುವುದು ಸೇವೆಯಲ್ಲ. ಸುದ್ದಿ ಬಂದಾಗ ಪರಿಶೀಲಿಸಿ, ಅರಿಯದೆ ಯಾರಿಗಾದರೂ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಂತಾಗಬಾರದು ಎಂಬುದು ಅಲ್-ಹುಜುರಾತ್ ಅಧ್ಯಾಯದ ಪಾಠ. ಆಹಾರದ ಹೆಸರಿನಲ್ಲಿ ಹಬ್ಬುವ ಸುಳ್ಳು ಒಬ್ಬ ಬಡ ವ್ಯಾಪಾರಿಯ ಬದುಕನ್ನು ಹೇಗೆ ಮುರಿಯುತ್ತದೆಂದು ನಮ್ಮ ಸಮುದಾಯದ ವ್ಯಾಪಾರಿಗಳಿಗೆ ಬೇರೆಯವರು ವಿವರಿಸಬೇಕಾಗಿಲ್ಲ. ನಮಗೆ ನೋವು ಕೊಟ್ಟದ್ದನ್ನು ನಾವು ಇತರರಿಗೆ ಮಾಡಬಾರದು. ಇಲಾಖೆಯ ರೀಕಾಲ್ ಪ್ರಕಟಣೆಯಲ್ಲಿ ಯಾವ ಘಟಕ, ಯಾವ ತಾರೀಕು, ಯಾವ ಸಂಖ್ಯೆ ಎಂದು ಸ್ಪಷ್ಟವಾಗಿ ಇರುತ್ತದೆ. ವದಂತಿಯಲ್ಲಿ ಅದೇನೂ ಇರುವುದಿಲ್ಲ.

ನಮ್ಮ ಬದುಕಿನ ವಾಪಸಾತಿ

ಸಹೋದರರೇ, ಮಾರಿದ ಮಾಲನ್ನು ವಾಪಸ್ ಕರೆಯಲು ಒಂದು ಕಾಲಾವಧಿ ಇರುತ್ತದೆ. ಅದು ತಟ್ಟೆಗೆ ಬಂದು ಹೊಟ್ಟೆ ಸೇರಿದ ಮೇಲೆ ಯಾವ ಪ್ರಕಟಣೆಯೂ ಪ್ರಯೋಜನಕ್ಕೆ ಬರುವುದಿಲ್ಲ. ನಾವು ಜಗತ್ತಿಗೆ ಬಿಟ್ಟ ಮಾತು, ಮುಟ್ಟಿಸಿದ ನೋವು, ಕಸಿದುಕೊಂಡ ಹಕ್ಕು ಇವುಗಳಿಗೂ ಹೀಗೆಯೇ ಅವಧಿ ಇದೆ. ಯಾರ ಮಾನಕ್ಕಾಗಲಿ ಸೊತ್ತಿಗಾಗಲಿ ಅನ್ಯಾಯ ಮಾಡಿದ್ದರೆ, ದೀನಾರ್ ದಿರ್ಹಮ್ ಯಾವುದೂ ನಡೆಯದ ದಿನ ಬರುವ ಮುನ್ನ ಇಂದೇ ತೀರಿಸಿಕೊಳ್ಳಬೇಕೆಂದು ಪ್ರವಾದಿ(ಸ) ಉಪದೇಶಿಸಿದ್ದಾರೆ. ನಮಾಝ್, ಉಪವಾಸ, ಝಕಾತ್‌ಗಳ ದೊಡ್ಡ ರಾಶಿಯೊಂದಿಗೆ ಬಂದರೂ ಜನರ ಹಕ್ಕಿನ ಲೆಕ್ಕದಲ್ಲಿ ಎಲ್ಲವನ್ನೂ ಕಳೆದುಕೊಂಡು ದಿವಾಳಿಯಾಗುವವನ ಬಗ್ಗೆಯೂ ಅವರು ತಿಳಿಸಿದ್ದಾರೆ. ಆ ದಿನ ರಾಶಿಯ ಅಡಿಯಲ್ಲಿರುವುದೆಲ್ಲ ಮೇಲೆ ಬರುತ್ತದೆ.

ಒಂದು ಕಂಪೆನಿ ಕಾನೂನಿನ ಭಯದಿಂದ, ಹೆಸರು ಕೆಡುವ ಭಯದಿಂದ 53 ಲಕ್ಷ ಕಿಲೋ ಮಾಲನ್ನು ವಾಪಸ್ ಕರೆಯುತ್ತದೆ. ಅಲ್ಲಾಹನ ಭಯವಿದೆ ಎನ್ನುವ ನಾವು ಕಾನೂನು ಬಾಗಿಲು ತಟ್ಟುವವರೆಗೆ ಕಾಯಬೇಕೇ? ತೂಕದಲ್ಲಿ ಕಡಿಮೆ ಕೊಟ್ಟವರಿದ್ದರೆ, ಹಳಸಿದ್ದನ್ನು ಬಿಸಿಮಾಡಿ ಬಡಿಸಿದವರಿದ್ದರೆ, ತಾರೀಕು ಮುಗಿದ ಪ್ಯಾಕೆಟ್‌ಗೆ ಹೊಸ ಚೀಟಿ ಅಂಟಿಸಿದವರಿದ್ದರೆ ಈ ಜುಮಾದ ಬಳಿಕ ನೇರ ಅಂಗಡಿಗೆ ಹೋಗಿ ಆ ಮಾಲನ್ನು ಕೆಳಗಿಳಿಸಲಿ. ಕೊಂಡವರ ಪರಿಚಯವಿದ್ದರೆ ಅವರಿಗೆ ತಿಳಿಸಲಿ. ಪರಿಚಯವಿಲ್ಲದಿದ್ದರೆ ಆ ಲಾಭವನ್ನು ತನ್ನದೆಂದು ಇಟ್ಟುಕೊಳ್ಳದಿರಲಿ.

ಅಲ್ಲಾಹನೇ, ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸು, ನಮ್ಮ ಆಹಾರವನ್ನು ತಯ್ಯಿಬ್ ಆಗಿಸು. ನಮ್ಮ ಕೈಯಿಂದ ತಯಾರಾದ ಆಹಾರದಿಂದ ಯಾವ ಜೀವಕ್ಕೂ ಹಾನಿಯಾಗದಂತೆ ಕಾಪಾಡು. ತಪ್ಪು ಕಂಡಾಗ ಅಡಗಿಸದೆ ಹೇಳುವ ಧೈರ್ಯವನ್ನೂ, ಹೇಳಿದವರ ಮಾತಿಗೆ ಕಿವಿಗೊಡುವ ವಿನಯವನ್ನೂ ನಮಗೆ ದಯಪಾಲಿಸು. ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ, ಅಡುಗೆಮನೆಗಳಲ್ಲಿ ನಮಗಾಗಿ ದುಡಿಯುವ ಎಲ್ಲರ ಕೈಗಳನ್ನು ರಕ್ಷಿಸು. ಆಮೀನ್.